ಗುಜರಿ ಗಾಡಿಗೆ ಬಿದ್ದ ಪಾತಾಳಗರಡಿ

ಮಹಾಲಿಂಗಯ್ಯನ ಕೂಗಿಗೆ ಪೇಟೆಬೀದಿಯೇ ಓಡಿಬಂತು. ಸಂಜೆ ಬಟ್ಟೆ ಅಂಗಡಿ ಮುಚ್ಚಿ ಬಂದವನ ಮನೆಯ ಬಾಗಿಲು ಹಾರುಹೊಡೆದಿತ್ತು. ಟ್ರಂಕಿನ ಬೀಗ ಮುರಿದಿತ್ತು. ಹೆಂಡತಿ ಸರ್ವಮಂಗಳಾ ಇರಲಿಲ್ಲ. ಒಡವೆಯೂ ಇರಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ದೊಡ್ಡರಂಗಪ್ಪ ಬಂದು ಜಗಲಿಯ ಮೇಲೆ ಕೂತ.

“ಕೊನೆಗೆ ನೋಡಿದ್ದು ಯಾವಾಗ?”

“ಬೆಳಿಗ್ಗೆ ಸ್ವಾಮಿ, ಬೆಳಕು ಹರಿಯೋ ಮುಂಚೆ ಅಂಗಡಿಗೆ ಹೊರಟಾಗ. ಮನೆಗೆ ಸುಣ್ಣ ಹೊಡೆಸ್ಬೇಕು, ಅಟ್ಟದ ಮೇಲಿರೋ ಹಳೇ ಸಾಮಾನೆಲ್ಲ ಗುಜರಿ ಗಾಡಿಗೆ ಹಾಕು ಅಂದಿದ್ದೆ. ಹಾಕಿದಾಳೆ. ಅದರ ಜೊತೆ ತಾನೂ ಹೋಗಿದಾಳೆ.”

ನೆರೆದವರು ಮೂಗಿನ ಮೇಲೆ ಬೆರಳಿಟ್ಟರು. ಇಂಥ ಸುದ್ದಿಯನ್ನು ನಂಬುವುದಕ್ಕೆ ನಮ್ಮ ಜನಕ್ಕೆ ಸಾಕ್ಷಿ ಬೇಕಿಲ್ಲ.

ಯುದ್ಧದ ದಿನಗಳು. ಹಳೇ ಕಬ್ಬಿಣಕ್ಕೆ ಎಲ್ಲಿಲ್ಲದ ಗಿರಾಕಿ. ಮಿಡಿಗೇಶಿಯ ದಾಸಣ್ಣ ಎತ್ತಿನ ಗಾಡಿ ಹೊಡೆದುಕೊಂಡು ಬಂದರೆ ಹೆಂಗಸರು ಒಡೆದ ಬಾಣಲೆ, ತೂತುಬಿದ್ದ ಕೊಳಗ, ತುಕ್ಕು ಹಿಡಿದ ಕುಡುಗೋಲು ತಂದು ಸುರಿಯುತ್ತಿದ್ದರು. ಬದಲಿಗೆ ಬೆಲ್ಲ ಕೊಡುತ್ತಿದ್ದ. ಅಟ್ಟವೂ ಖಾಲಿಯಾಗುತ್ತಿತ್ತು, ಬಾಯಿಯೂ ಸಿಹಿಯಾಗುತ್ತಿತ್ತು.

ದಫೇದಾರ ಮಿಡಿಗೇಶಿ ರಸ್ತೆಯಲ್ಲಿ ಗಾಡಿ ತಡೆದ. ಒಂದು ಮೂಟೆಯ ತಳದಲ್ಲಿ ಬೆಳ್ಳಿ ಡಾಬು ಸಿಕ್ಕಿತು. ಸರ್ವಮಂಗಳೆಯದೇ. ಗಾಡಿ ಸಾಮಾನಿನ ಸಮೇತ ಠಾಣೆಯ ಅಂಗಳಕ್ಕೆ ಬಂತು. ದಾಸಣ್ಣ ಲಾಕಪ್ಪಿಗೆ ಬಿದ್ದ.

* * *

“ಮೂಟೆ ಜಗಲಿ ಮೇಲಿತ್ತು ಸ್ವಾಮಿ. ಒಳಗಿಂದ ಯಾರೋ ‘ತಗಂಡೋಗು’ ಅಂದ್ರು. ಗಂಡಸಿನ ದನಿ. ಬೆಲ್ಲ ಅಲ್ಲೇ ಮಡಗಿ ತಗಂಡ್ಬಂದೆ. ಬಿಚ್ಚೂ ನೋಡ್ಲಿಲ್ಲ.”

“ಗಂಡ ಅಂಗಡೀಲಿದ್ದ. ಯಾವ ಗಂಡಸಲೇ? ಅವಳನ್ನ ಯಾರ ಕೈಗೆ ಕೊಟ್ಟೆ?” ಎಂದ ದಫೇದಾರ. ಉತ್ತರಕ್ಕೆ ಕಾಯುವ ತಾಳ್ಮೆ ಅವನಿಗೆ ಇರಲಿಲ್ಲ. ಲಾಠಿ ಇತ್ತು. ದೊಡ್ಡರಂಗಪ್ಪ ಪಕ್ಕದ ಕೋಣೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡ. ತಡೆಯಲಿಲ್ಲ. ಒಳ್ಳೆಯವನೆಂದು ಹೆಸರಿದ್ದ ಅಧಿಕಾರಿ ಅವನು. ಆ ಹೆಸರಿನಿಂದ ದಾಸಣ್ಣನ ಬಲತೋಳಿಗೇನೂ ಉಪಕಾರವಾಗಲಿಲ್ಲ.

ಮಾರನೆಯ ದಿನ ಬಡವನಹಳ್ಳಿಯಿಂದ ಸರ್ವಮಂಗಳೆಯ ತಾಯಿ ಶಿವರುದ್ರಮ್ಮ ಬಂದಳು. ಲಾಕಪ್ಪಿನ ಸರಳು ಹಿಡಿದು ನಿಂತಳು. ಬೈಯುತ್ತಾಳೆಂದು ಎಲ್ಲರೂ ಕಾದರು. ಆಕೆ ಕೈಮುಗಿದಳು.

“ಎಲ್ಲಿ ಬಿಟ್ಟಿದೀಯ ಹೇಳಪ್ಪಾ. ಕೇಸು ವಾಪಸ್ ತಗೊಳಕ್ಕೆ ನಾನು ಹೇಳ್ತೀನಿ. ಯಾರ ಜೊತೆಗಾದ್ರೂ ಇರ್ಲಿ. ಜೀವ ಒಂದಿದ್ರೆ ಸಾಕು.”

“ನಂಗೊತ್ತಿಲ್ಲ ಕಣವ್ವ.”

ಆಕೆಯ ಮುಖ ಕಪ್ಪಿಟ್ಟಿತು. ದಾಸಣ್ಣ ತಪ್ಪು ಮಾಡಿದ್ದರೆ ಮಗಳು ಎಲ್ಲೋ ಉಸಿರಾಡುತ್ತಿದ್ದಾಳೆ. ಮಾಡಿಲ್ಲದಿದ್ದರೆ? ಆ ಯೋಚನೆಯನ್ನು ಆಕೆ ಹತ್ತಿರ ಸುಳಿಯಗೊಡಲಿಲ್ಲ. ದಿನವೂ ಬಂದಳು, ಅದನ್ನೇ ಕೇಳಿದಳು.

ಮಡಕಶಿರಾ ಕಡೆ ಒಬ್ಬ ಒಂಟಿ ಹೆಂಗಸನ್ನು ಕಂಡವರಿದ್ದಾರೆಂದು ಸುದ್ದಿ ಬಂತು. ಗಡಿಯಾಚೆ ಮದ್ರಾಸ್ ಸೀಮೆ. ದೊಡ್ಡರಂಗಪ್ಪ ಅಲ್ಲಿನ ಪೊಲೀಸರ ಕೈಕಾಲು ಹಿಡಿದು ಹೋಗಿ ನೋಡಿದ. ಅವಳು ಬೇರೆ ಯಾರೋ. ಸುದ್ದಿ ಬಂದ ಆ ಒಂದು ದಿನ ಮಾತ್ರ ಶಿವರುದ್ರಮ್ಮ ಹೊಟ್ಟೆತುಂಬ ಉಂಡಿದ್ದಳಂತೆ.

* * *

ಪಕ್ಕದ ಮನೆಯ ಕಮಲಾಕ್ಷಮ್ಮ ಮಗಳ ಹೆರಿಗೆಗೆಂದು ಸಿರಾಕ್ಕೆ ಹೋಗಿದ್ದವಳು ಹತ್ತು ದಿನದ ಮೇಲೆ ಆಗಷ್ಟೇ ಹಿಂತಿರುಗಿದ್ದಳು. ದೊಡ್ಡರಂಗಪ್ಪ ಹೇಳಿಕೆಗೆ ಕರೆಸಿದ. ಆಕೆ ಅಂಗಳ ದಾಟುವಾಗ ಗುಜರಿ ರಾಶಿಯ ಮುಂದೆ ನಿಂತುಬಿಟ್ಟಳು.

“ಅಯ್ಯಯ್ಯೋ! ನಮ್ಮನೆ ಪಾತಾಳಗರಡಿ ಇಲ್ಯಾಕೆ ಬಂತು?”

ಬಾವಿಗೆ ಬಿದ್ದ ಕೊಡವನ್ನು ಹಗ್ಗ ಕಟ್ಟಿ ಎತ್ತುವ ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು. ಬೀದಿಗೊಂದು ಇರುತ್ತದೆ. ಎಲ್ಲರಿಗೂ ಬೇಕು. ಆದರೆ ಬರಿಗೈಯಲ್ಲಿ ಬಂದವರಿಗೆ ಯಾರೂ ಕೊಡುವುದಿಲ್ಲ, ಮನೆಗೆ ಕೇಡು. ಒಂದು ಪಾತ್ರೆ ಅಡ ಇಟ್ಟು ಒಯ್ಯಬೇಕು. ಹಿಂದಕ್ಕೆ ಕೊಟ್ಟು ಪಾತ್ರೆ ಬಿಡಿಸಿಕೊಳ್ಳಬೇಕು.

“ಯಾರಿಗೆ ಕೊಟ್ಟಿದ್ರಿ?”

“ಮಂಗಳೆಗೆ. ಅವತ್ತು ಬೆಳಿಗ್ಗೆ ನಾನು ಸಿರಾ ಬಸ್ಸಿಗೆ ಹೊರಟಿದ್ದೆ. ‘ಕೊಡ ಬಾವಿಗೆ ಬಿತ್ತು ಕಣಕ್ಕಾ’ ಅಂತ ಓಡಿಬಂದ್ಲು. ತವರಿನ ತಾಮ್ರದ ಚೊಂಬು ಅಡ ಇಟ್ಟು ತಗಂಡೋದ್ಲು. ಇನ್ನೂ ನಮ್ಮನೇಲೇ ಐತೆ.”

“ಮರೆತು ಗುಜರಿಗೆ ಹಾಕಿರಬಹುದಲ್ಲ?”

“ಸರಿ ಹೋಯ್ತು! ಕಂಡೋರ ಪಾತಾಳಗರಡಿನ ಗುಜರಿಗೆ ಹಾಕ್ತಾಳಾ? ಅವರಮ್ಮ ಕೊಟ್ಟ ಚೊಂಬು ನನ್ನತ್ರ ಇರೋವಾಗ?”

ಬಾಗಿಲ ಬಳಿ ಕೂತಿದ್ದ ಶಿವರುದ್ರಮ್ಮ ಎದ್ದು ನಿಂತಳು.

* * *

ದೊಡ್ಡರಂಗಪ್ಪ ಪಾತಾಳಗರಡಿಯನ್ನು ಮಹಾಲಿಂಗಯ್ಯನ ಮುಂದೆ ಇಟ್ಟ.

“ಇದು ಯಾರದು?”

“ನಮ್ಮದೇ ಇರ್ಬೇಕು ಸ್ವಾಮಿ. ಹಳೇದು. ಅವಳೇ ಗಾಡಿಗೆ ಹಾಕಿರ್ತಾಳೆ.”

“ನಿಮ್ಮದಲ್ಲ. ಕಮಲಾಕ್ಷಮ್ಮನದು. ನಿನ್ನ ಹೆಂಡತಿ ಅವತ್ತು ಬೆಳಿಗ್ಗೆ ಚೊಂಬು ಅಡ ಇಟ್ಟು ತಂದಿದ್ಲು. ಮೂಟೆ ಕಟ್ಟಿದ್ದು ಅವಳಾಗಿದ್ರೆ ಇದನ್ನ ಅದಕ್ಕೆ ಹಾಕ್ತಿರ್ಲಿಲ್ಲ. ಯಾರದು ಅಂತ ಗೊತ್ತಿಲ್ಲದೋನು ಹಾಕಿದಾನೆ. ಮನೇಲಿ ಇನ್ನೊಬ್ಬ ಗಂಡಸು ಯಾರಿದಾರೆ?”

ಮಹಾಲಿಂಗಯ್ಯ ತುಟಿ ಒದ್ದೆ ಮಾಡಿಕೊಂಡ.

“‘ತಗಂಡೋಗು’ ಅಂದಿದ್ದು ನೀನು. ಡಾಬು ಹಾಕಿದ್ದೂ ನೀನು, ದಾಸಣ್ಣ ಸಿಕ್ಕಿಬೀಳಲಿ ಅಂತ. ಅದು ಸರಿ. ಆದ್ರೆ ತುಕ್ಕಿಲ್ಲದ ಪಾತಾಳಗರಡಿ ಯಾಕೆ ಎಸೆದೆ? ಯಾರಾದ್ರೂ ಇದನ್ನ ನಿನ್ನ ಬಾವಿಗೆ ಇಳಿಸಿಬಿಟ್ರೆ ಅನ್ನೋ ಭಯ.”

ಹಿತ್ತಲ ಬಾವಿಗೆ ಹಲಗೆ ಮುಚ್ಚಿತ್ತು. ತೆಗೆಸಿದ. ಹಗ್ಗ ಇಳಿಯಿತು. ಮೊದಲು ಕೊಡ ಬಂತು. ಎರಡನೆಯ ಸಲ ಹಗ್ಗ ಭಾರವಾಯಿತು. ಸೀರೆಯ ಸೆರಗು ಮೇಲೆ ಬಂತು. ಸೊಂಟಕ್ಕೆ ರುಬ್ಬುವ ಗುಂಡು ಕಟ್ಟಿತ್ತು.

ಮಹಾಲಿಂಗಯ್ಯ ಅಲ್ಲೇ ಕುಸಿದು ಎಲ್ಲ ಹೇಳಿದ. ಕೊರಟಗೆರೆಯಲ್ಲಿ ಎರಡನೆಯ ಸಂಬಂಧ ಕುದುರಿತ್ತು. ಸವತಿ ಇರುವ ಮನೆಗೆ ಹೆಣ್ಣು ಕೊಡೆವು ಎಂದಿದ್ದರು. ಬೆಳಕು ಹರಿಯುವ ಮುಂಚೆ ಅಂಗಡಿಗೆ ಹೊರಟೆ ಎಂದದ್ದು ಸುಳ್ಳು; ಕೊಡ ಹುಡುಕುತ್ತ ಬಗ್ಗಿದ್ದವಳನ್ನು ಹಿಂದಿನಿಂದ ಹೊಡೆದಿದ್ದ. ಸುಣ್ಣ ಹೊಸ ಮದುವೆಗಾಗಿ. ಮಿಕ್ಕ ಒಡವೆ ಅಂಗಡಿಯ ಗಾದಿಯ ಕೆಳಗೆ ಸಿಕ್ಕಿತು.

* * *

ಶಿವರುದ್ರಮ್ಮ ಬಾವಿಯ ಹತ್ತಿರ ಹೋಗಲಿಲ್ಲ. ಎಷ್ಟು ಕರೆದರೂ ಠಾಣೆಯ ಬಾಗಿಲು ಬಿಟ್ಟು ಏಳಲಿಲ್ಲ.

“ಆ ಗಾಡಿಯವನ್ನ ಬಿಡಬೇಡಿ ಸ್ವಾಮಿ,” ಎಂದಳು. “ಇನ್ನೊಂದ್ಸಲ ಕೇಳಿ ನೋಡಿ.”

ದಾಸಣ್ಣನನ್ನು ಬಿಟ್ಟರು. ಬಲಗೈ ಎತ್ತಲು ಬರುತ್ತಿರಲಿಲ್ಲ. ಎಡಗೈಯಲ್ಲೇ ಎತ್ತು ಬಿಚ್ಚಲು ಹೊರಟವನ ದಾರಿಗೆ ಆಕೆ ಅಡ್ಡ ನಿಂತಳು.

“ನೀನೇ ಕರ್ಕೊಂಡು ಹೋಗಿದ್ದೆ ಅನ್ನಪ್ಪಾ. ಒಂದೇ ಒಂದ್ಸಲ ಅನ್ನು.”

“ಅಮ್ಮಾ, ಬನ್ನಿ,” ಎಂದ ದೊಡ್ಡರಂಗಪ್ಪ.

ಅಷ್ಟು ಏಟು ತಿಂದರೂ ಒಪ್ಪದಿದ್ದ ದಾಸಣ್ಣ ಆಕೆಯ ಮುಖ ನೋಡಿದ.

“ಹೂಂ ಕಣವ್ವ,” ಎಂದ. “ನಾನೇ ಕರ್ಕಂಡೋದೆ. ಚೆನ್ನಾಗವ್ಳೆ.”