ಗುಂಡ ಕಾಡಿಗೆ ಹೊರಟ ಬೆಳಗು

“ಮಕ್ಕಳು ಮರಿಯಾನೇನ ಮುಟ್ಟಿ ನೋಡಬಹುದಾ, ಡಾಕ್ಟ್ರೇ?”

ಕೈಯಲ್ಲಿ ಹಾಲಿನ ಬಾಟಲಿ, ಮೈಮೇಲೆ ಅದರ ಅರ್ಧ ಹಾಲು. ಅವಳು ತಿರುಗಿ ನೋಡಿದಳು. ಗೇಟಿನಾಚೆ ಇಸ್ತ್ರಿ ಶರ್ಟಿನವನೊಬ್ಬ ನಿಂತಿದ್ದ. ಕುಟುಂಬಗಳಿಗೆಂದೇ ಶೈಕ್ಷಣಿಕ ಸಫಾರಿ ಮಾಡಿಸುತ್ತಾನಂತೆ, ತಬ್ಬಲಿ ಆನೆಮರಿಗಳ ಈ ಆರೈಕೆ ಕೇಂದ್ರವನ್ನೂ ಅದಕ್ಕೆ ಸೇರಿಸಬೇಕಂತೆ.

“ಒಂದು ಕೆಲಸ ಮಾಡೋಣ. ನಿಮ್ಮನ್ನ ಈ ಬೇಲಿಯೊಳಗೆ ನಿಲ್ಲಿಸ್ತೀನಿ. ದಿನಾ ಬಸ್ಸಲ್ಲಿ ಜನ ಬಂದು ನಿಮ್ಮ ಮೂಗು ಎಳೆದು ನೋಡಲಿ. ಆಮೇಲೆ ಮುಟ್ಟೋ ವಿಷಯ ಮಾತಾಡೋಣ.”

ಅವನು ಮೂಗು ಸವರಿಕೊಂಡ. ಅದು ಸ್ವಲ್ಪ ಉದ್ದವೇ ಇತ್ತು. ಸಿಟ್ಟಾಗಿ ಹೋಗುತ್ತಾನೆ ಅಂದುಕೊಂಡಿದ್ದಳು, ಅವನು ನಕ್ಕುಬಿಟ್ಟ.

“ಹಾಗಾದ್ರೆ ಏನು ತೋರಿಸಬೇಕು? ನೀವೇ ಹೇಳಿ.”

ಆ ಪ್ರಶ್ನೆಯನ್ನು ಅವಳಿಗೆ ಈವರೆಗೆ ಯಾರೂ ಕೇಳಿರಲಿಲ್ಲ.

ಮುಂದಿನ ವಾರದಿಂದ ಚಿಕಿತ್ಸೆಯ ಟೇಬಲ್ ಮೇಲೆ ಅವನ ನಕ್ಷೆ ಹರಡಿಕೊಂಡಿತು. ಅವನು ಪೆನ್ಸಿಲಿನಲ್ಲಿ ಬರೆಯುತ್ತಿದ್ದ, ಅವಳು ಹೊಡೆದುಹಾಕುತ್ತಿದ್ದಳು. ಪ್ರಾಣಿಯ ಹಿಂದೆ ಜೀಪು ಓಡಿಸುವುದು ಹೋಯಿತು. ಹುಲ್ಲಿನ ನಡುವೆ ಕೂತು ತಿನ್ನುವ ಊಟವೂ ಹೋಯಿತು. ಆನೆಗಳ ಹಳೆಯ ದಾರಿಗೆ ಅಡ್ಡ ನಿಂತ ತಂತಿಬೇಲಿ, ತೋರಿಸಬೇಕಾದ್ದರ ಪಟ್ಟಿಗೆ ಹೊಸದಾಗಿ ಸೇರಿತು.

“ಕೊನೆಗೆ ಮಕ್ಕಳಿಗೆ ಲದ್ದಿ ತೋರಿಸ್ತೀವಾ?”

“ಯಾರು ಬಂದ್ರು, ಏನು ತಿಂದ್ರು, ಎಲ್ಲಾ ಅದರಲ್ಲೇ ಇರುತ್ತೆ. ಲದ್ದಿ ಸುಳ್ಳು ಹೇಳಲ್ಲ.”

“ನಾನೂ ಹೇಳಲ್ಲ,” ಅಂದ ಅವನು, ನಕ್ಷೆಯಿಂದ ಕಣ್ಣೆತ್ತದೆ. “ನಿಮ್ಮ ಹತ್ರ ಬರೋಕೆ ಈಗ ನಕ್ಷೆ ಬರೀ ನೆಪ.”

ಅವಳು ಸಿರಿಂಜು ತೊಳೆಯಲು ಎದ್ದು ಹೋದಳು. ತೊಳೆದಿದ್ದನ್ನೇ ಮತ್ತೆ ತೊಳೆದಳು.

ಅಷ್ಟರಲ್ಲಿ ಗುಂಡನನ್ನು ಬಿಡುವ ಕಾಲ ಬಂತು. ತಾಯಿಯಿಲ್ಲದೆ ಹಳ್ಳದಲ್ಲಿ ಸಿಕ್ಕಿದ್ದ ಮರಿ ಈಗ ಅವಳ ಭುಜದೆತ್ತರ ಬೆಳೆದಿತ್ತು. ಕಾಡಿನ ಹಿಂಡೊಂದು ಬೆಳಗಿನ ಹೊತ್ತು ಬೇಲಿಯಾಚೆಯ ಕೆರೆಗೆ ಬರತೊಡಗಿತ್ತು, ಗುಂಡನ ಜೊತೆ ಸೊಂಡಿಲು ಚಾಚಿ ಮಾತಾಡತೊಡಗಿತ್ತು.

“ಅವತ್ತು ನಾನು ಅವನ ಕಣ್ಣಿಗೆ ಬೀಳಬಾರದು,” ಅಂದಳು. “ನನ್ನ ದನಿ ಕೇಳಿದ್ರೆ ತಿರುಗಿ ಬರ್ತಾನೆ.”

“ಒಬ್ಬರೇ ಕೂತ್ಕೋಬೇಡಿ. ನಮ್ಮ ಮನೆಯವರನ್ನ ಕರ್ಕೊಂಡು ಬರ್ತೀನಿ. ಸಫಾರಿಗೆ ಮೊದಲ ಕುಟುಂಬ ನಮ್ಮದೇ ಆಗಲಿ.”

ಮನೆಯವರು ಅಂದರೆ ಅವನ ಅಮ್ಮ, ಮತ್ತು ಅಕ್ಕನ ಮಗಳು. ಆ ಹುಡುಗಿಗೆ ಗಿಣಿ ಅಂತ ಅಡ್ಡಹೆಸರು ಸುಮ್ಮನೆ ಬಂದಿರಲಿಲ್ಲ.

“ನೀನೇ ಏನಮ್ಮಾ ಆ ಡಾಕ್ಟರು?” ಅಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. “ನನ್ನ ಮಗ ಈಗೀಗ ಊಟಕ್ಕೆ ಕೂತ್ರೂ ಲದ್ದಿ ವಿಷಯಾನೇ ಎತ್ತುತ್ತಾನೆ.”

ಗಾಳಿ ತಮ್ಮ ಕಡೆಗೇ ಬೀಸುವ ಜಾಗದಲ್ಲಿ, ಹಲಗೆ ಬಡಿದ ಮರೆಗೂಡಿನೊಳಗೆ, ಉದ್ದನೆಯ ಕಿಂಡಿಗೆ ಕಣ್ಣಿಟ್ಟು ನಾಲ್ವರೂ ಕೂತರು. ದೂರದಿಂದ ಹಗ್ಗ ಎಳೆದು ಕಾವಲುಗಾರ ಬೇಲಿಯ ಬಾಗಿಲು ತೆರೆದ.

ಆನೆಗಳು ಯಾವಾಗ ಬಂದವೋ ಯಾರಿಗೂ ತಿಳಿಯಲಿಲ್ಲ. ಮರಗಳಿದ್ದಲ್ಲಿ ಮರಗಳಿದ್ದವು, ಮರುಗಳಿಗೆ ಅವುಗಳ ನಡುವೆ ಹಣೆಗಳು, ಕಿವಿಗಳು, ಗುಡ್ಡದಂಥ ಬೆನ್ನುಗಳು. ಅಷ್ಟು ಭಾರ ನೆಲದ ಮೇಲೆ ನಡೆದು ಬಂದರೂ ಒಂದು ಎಲೆ ಮುರಿದ ಸದ್ದಿಲ್ಲ. ಗಿಣಿಯ ಬಾಯಿ ತೆರೆದದ್ದು ತೆರೆದೇ ಇತ್ತು, ಮಾತು ಮಾತ್ರ ಬರಲಿಲ್ಲ. ಅಮ್ಮ ತಮಗರಿವಿಲ್ಲದೆ ಕೈ ಮುಗಿದಿದ್ದರು.

ಗುಂಡ ಹೊರಟ. ಅರ್ಧ ದಾರಿಯಲ್ಲಿ ನಿಂತ. ಹಿಂದಕ್ಕೆ ತಿರುಗಿ ಸೊಂಡಿಲೆತ್ತಿ ಗಾಳಿಯಲ್ಲಿ ಹುಡುಕಿದ. ಆಮೇಲೆ, ಹಸಿವಾದಾಗಲೆಲ್ಲ ಕರೆಯುತ್ತಿದ್ದ ಹಾಗೆ ಸಣ್ಣಗೆ ಕರೆದ.

ಆ ಕರೆಗೆ ಅವಳು ಓಗೊಡದೆ ಇದ್ದದ್ದೇ ಇಲ್ಲ. ತುಟಿ ತೆರೆಯಿತು. ಮುಷ್ಟಿಯಿಂದ ಬಾಯಿ ಒತ್ತಿಕೊಂಡಳು. ಪಕ್ಕದಲ್ಲಿ ಅವನು ಅಂಗೈ ಚಾಚಿದ, ಅಷ್ಟೇ. ಅವಳ ಇನ್ನೊಂದು ಕೈ ಅದನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿಯಿತು.

ಗುಂಡ ಮತ್ತೊಮ್ಮೆ ಕರೆದ.

ಉತ್ತರ ಕಾಡಿನ ಕಡೆಯಿಂದ ಬಂತು. ಕಿವಿಗಿಂತ ಮೊದಲು ಎದೆಗೆ ತಾಕುವಂಥ ಗುಡುಗುಡು. ಕೂತ ಬೆಂಚೂ ಸಣ್ಣಗೆ ನಡುಗಿತು. ಹಿಂಡಿನ ಹಿರಿಯಾನೆ ಮುಂದೆ ಬಂದು ಅವನ ಹಣೆ, ಕಣ್ಣು, ಬಾಯಿಯನ್ನೆಲ್ಲ ಸೊಂಡಿಲಿನಿಂದ ನಿಧಾನವಾಗಿ ಸವರಿತು. ಗುಂಡ ಅದರ ಹೊಟ್ಟೆಯ ನೆರಳಿಗೆ ಸೇರಿಕೊಂಡ. ಬಂದ ಹಾಗೆಯೇ, ಸದ್ದಿಲ್ಲದೆ, ಅವೆಲ್ಲ ಮರಗಳಾಗಿಬಿಟ್ಟವು.

ಎಷ್ಟೋ ಹೊತ್ತಿನ ಮೇಲೆ ಗಿಣಿ ಅವಳ ಕಡೆ ಬಾಗಿ ಪಿಸುಗುಟ್ಟಿದಳು. “ಅತ್ತೆ, ಅವನಿಗೆ ಅಮ್ಮ ಸಿಕ್ಕಿದ್ಲಾ?”

“ಸಿಕ್ಕಿದ್ಲು ಪುಟ್ಟಿ,” ಅಂದಳು ಅವಳು. ಆಮೇಲೆ ಹೊಳೆಯಿತು: ಅತ್ತೆ?

ಅಮ್ಮ ನಗು ನುಂಗಿಕೊಂಡು ಮೊಮ್ಮಗಳ ಕೈ ಹಿಡಿದು ಹೊರಗೆ ಹೋದರು.

“ನಾನು ಹೇಳಿಕೊಟ್ಟಿದ್ದಲ್ಲ,” ಅವನ ಕಿವಿ ಕೆಂಪಾಗಿತ್ತು. “ಮನೇಲಿ ಒಂದ್ಸಲ ಬಾಯಿ ತಪ್ಪಿ ಬಂತು. ನಿನಗೆ ಅತ್ತೆ ಅಂತ ಬಂದ್ರೆ ಇವರೇ ಬರ್ಬೇಕು ಅಂತ.”

ಅವಳು ಅಳುತ್ತಲೇ ನಕ್ಕಳು. “ಇವತ್ತು ಒಬ್ಬನ್ನ ಬಿಟ್ಟುಕೊಟ್ಟಿದ್ದೀನಿ. ಇನ್ನೊಬ್ಬರನ್ನ ಬಿಟ್ಟುಕೊಡೋ ಶಕ್ತಿ ನನಗಿಲ್ಲ.”

“ಬಿಡಬೇಡಿ.”

ಅವಳು ಬಿಡಲಿಲ್ಲ. ಕಿಂಡಿಯಾಚೆ, ಯಾರೂ ಇಲ್ಲದ ಕೆರೆಯಲ್ಲಿ ನೀರು ಗಾಳಿಗೆ ಅಲುಗುತ್ತಿತ್ತು. ಹಿಂಡು ಗುಡ್ಡ ದಾಟಿತೆಂದು ಕಾವಲುಗಾರ ದೂರದಿಂದ ಕೈ ಬೀಸಿದ.

ಹೊರಗಿನಿಂದ ಗಿಣಿ ಗಂಟಲು ಕಿತ್ತುಹೋಗುವ ಹಾಗೆ ಕೂಗಿದಳು, “ಅತ್ತೇ!”

“ಬಂದೇ, ಕಂದಾ,” ಅವಳು ಗಟ್ಟಿಯಾಗಿ ಓಗೊಟ್ಟಳು.