ಕಳೆದುಹೋದ ಭೇಟಿಗಳು

ಬಾಗಿಲಲ್ಲಿ ರಜನೀಶ್ ನಿಂತಿದ್ದ.

ನಿಧಿಯ ತುಟಿಗೆ ಹೋಗುತ್ತಿದ್ದ ಟೀ ಲೋಟ ಅರ್ಧದಲ್ಲೇ ನಿಂತಿತು. ಹಾಸನದ ಈ ಆಫೀಸಿಗೆ ಅವನು ಇನ್ನೊಮ್ಮೆ ಕಾಲಿಡುತ್ತಾನೆಂದು ಅವಳು ಅಂದುಕೊಂಡೇ ಇರಲಿಲ್ಲ. ಹೋದ ವರ್ಷ ಇದೇ ಕೋಣೆಯಲ್ಲಿ, ಎಲ್ಲರ ಮುಂದೆ, ಅವನನ್ನು ಮೋಸಗಾರ ಎಂದವಳು ಅವಳೇ.

"ಗಂಗಾಧರಯ್ಯನೋರು ಫೋನ್ ಮಾಡಿದ್ರು," ಎಂದ ಅವನು, ಅವಳ ಮುಖ ನೋಡದೆ. "ಸರ್ವರ್‌ನ ಹಳೇ ಲಾಗ್ ಎಲ್ಲಾ ನನ್ನತ್ರ ಅವೆ. ಅದ್ರಿಂದ ಲೆಕ್ಕ ತೆಗೀಬೋದು."

ನಿಧಿ ಮಲ್ಲಿಪಟ್ಟಣದವಳು. ಆಲೂಗಡ್ಡೆ ಹೊಲಕ್ಕೆ ಅಂಗಮಾರಿ ರೋಗ ಬಿದ್ದರೆ ಹಸಿರು ಗಿಡ ನೋಡನೋಡುತ್ತ ಕಪ್ಪಾಗಿ ಕೊಳೆಯುವುದನ್ನು, ಆ ವಾಸನೆಯನ್ನು ಚಿಕ್ಕಂದಿನಿಂದ ಕಂಡವಳು. ಕೃಷಿ ಓದಿ, ಒಂದು ಪ್ರತಿಷ್ಠಾನದಲ್ಲಿ ಕೆಲಸಕ್ಕೆ ಸೇರಿ, ರೋಗ ಬರುವ ಮುನ್ನವೇ ರೈತರನ್ನು ಎಚ್ಚರಿಸುವ ವೆಬ್‌ಸೈಟ್ ಕಟ್ಟಿದ್ದಳು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಒಂದೊಂದು ತಾಲ್ಲೂಕಿಗೆ ಒಂದೊಂದು ಪುಟ. ಮಳೆಗಾಲದುದ್ದಕ್ಕೂ ದಿನಾ ಬೆಳಿಗ್ಗೆ ಅವಳೇ ಕೂತು ಬರೆಯುತ್ತಿದ್ದಳು.

ಸರ್ವರ್ ನೋಡಿಕೊಳ್ಳುತ್ತಿದ್ದವನು ರಜನೀಶ್. ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಅವನದೊಂದು ಕಂಪ್ಯೂಟರ್ ಅಂಗಡಿ. ಕೆಲಸದ ಮಾತೆಂದು ಶುರುವಾದ ಫೋನ್ ಕರೆಗಳು ಕೆಲಸ ಮುಗಿದ ಮೇಲೂ ಮುಗಿಯುತ್ತಿರಲಿಲ್ಲ. ಒಮ್ಮೆ ಶೆಟ್ಟಿಹಳ್ಳಿ ಕಡೆ ಹೊಲ ನೋಡಲು ಹೋದಾಗ ಹಿನ್ನೀರಿನ ಕೆಸರಲ್ಲಿ ಅವಳ ಚಪ್ಪಲಿ ಹೂತುಹೋಯಿತು. ಅವನು ಬಗ್ಗಿ ಕಿತ್ತು, ತೊಳೆದು, ರಸ್ತೆ ಸಿಗುವವರೆಗೂ ಕೈಯಲ್ಲೇ ಹಿಡಿದು ನಡೆದಿದ್ದ. ಇಬ್ಬರೂ ಬಾಯಿಬಿಟ್ಟು ಏನೂ ಹೇಳಿಕೊಂಡಿರಲಿಲ್ಲ. ಹೇಳಬೇಕೆಂದು ಅನ್ನಿಸಿಯೂ ಇರಲಿಲ್ಲ...

ಆಮೇಲೆ ಆ ಸಭೆ ಬಂತು.

ಹಂಗಾಮು ಮುಗಿದ ಮೇಲೆ ಎಷ್ಟು ಜನ ಸೈಟಿಗೆ ಬಂದರೆಂದು ನೋಡಿದರೆ, ಇಡೀ ಮಳೆಗಾಲಕ್ಕೆ ಬರೀ ಸೊನ್ನೆ! ಯಾರು ಹೊಣೆ ಎಂದು ಕಾರ್ಯದರ್ಶಿ ಗಂಗಾಧರಯ್ಯ ಕೇಳಿದಾಗ ರಜನೀಶ್ ತಲೆ ತಗ್ಗಿಸಿದ. ನಿಧಿಯ ಅಪ್ಪ ತೀರಿಕೊಂಡು ಆಗಿನ್ನೂ ತಿಂಗಳಾಗಿರಲಿಲ್ಲ. ಒಳಗಿದ್ದ ಸಂಕಟವೆಲ್ಲ ಅವನ ಮೇಲೆ ತಿರುಗಿತು. ಏನೋ ಎಡವಟ್ಟು ಮಾಡಿ, ಅದನ್ನು ಮುಚ್ಚಲು ಲೆಕ್ಕ ಅಳಿಸಿದ್ದಾನೆ ಎಂದುಬಿಟ್ಟಳು. ಅವನು ಮರುಮಾತಾಡದೆ ಎದ್ದು ಹೋದ. ಅವನ ಕೆಲಸವೂ ಹೋಯಿತು.

ಈಗ ಸೈಟು ಉಳಿಯಬೇಕಾದರೆ ಆ ಮಳೆಗಾಲದ ಲೆಕ್ಕ ಬೇಕೇ ಬೇಕೆಂದು ಪ್ರತಿಷ್ಠಾನ ಪಟ್ಟು ಹಿಡಿದಿತ್ತು.

ಅವನು ತಂದಿದ್ದ ಹಾರ್ಡ್ ಡಿಸ್ಕನ್ನು ಅವಳ ಕಂಪ್ಯೂಟರಿಗೆ ಜೋಡಿಸಿದ. ಯಾರು ಯಾವ ಪುಟ ತೆರೆದರೂ ಸರ್ವರ್ ತಾನಾಗಿ ಒಂದು ಸಾಲು ಬರೆದಿಟ್ಟುಕೊಳ್ಳುತ್ತದೆ, ಭೇಟಿ ಎಣಿಸುವ ಕೌಂಟರ್ ಕೆಟ್ಟರೂ ಆ ಸಾಲುಗಳು ಉಳಿಯುತ್ತವೆ ಎಂದು ಒಣ ದನಿಯಲ್ಲಿ ವಿವರಿಸಿದ. ಪರದೆಯ ಮೇಲೆ ಸಾಲುಗಳು ಹರಿದವು. ಮಧ್ಯಾಹ್ನದ ಹೊತ್ತಿಗೆ ಮೊತ್ತ ಬಂತು.

ಲಕ್ಷ ದಾಟಿತ್ತು!

ನಿಧಿಯ ಕಣ್ಣು ತುಂಬಿತು. ಬಂದಿದ್ದರು... ಜನ ಬಂದಿದ್ದರು!

"ಇನ್ನೂ ಮುಗ್ದಿಲ್ಲ," ಎಂದ ರಜನೀಶ್ ಮೆಲ್ಲಗೆ. "ಇದ್ರಲ್ಲಿ ಮನುಷ್ಯರಲ್ಲದವೂ ಅವೆ. ಇಂಟರ್‌ನೆಟ್ ತುಂಬಾ ಸುತ್ತಿ ತಾವಾಗೇ ಪುಟ ತೆರೆಯೋ ಯಂತ್ರಗಳು. ಅವನ್ನ ತೆಗೀಬೇಕು."

ತೆಗೆಯುತ್ತ ಹೋದ. ಸಂಖ್ಯೆ ಕುಸಿಯುತ್ತ ಹೋಯಿತು. ಕೊನೆಗೆ ಆಫೀಸಿನವರು ತೆರೆದದ್ದನ್ನೂ, ನಿಧಿಯೇ ದಿನಾ ತೆರೆದು ನೋಡಿಕೊಂಡದ್ದನ್ನೂ ತೆಗೆದ. ಉಳಿದವರು ಒಂದು ಮದುವೆಯ ಊಟಕ್ಕೆ ಕೂರುವಷ್ಟು ಜನವೂ ಅಲ್ಲ. ಚನ್ನರಾಯಪಟ್ಟಣದ ಪುಟವನ್ನು ವಾರಗಟ್ಟಲೆ ಒಬ್ಬರೂ ತೆರೆದಿರಲಿಲ್ಲ.

ಯಾರಿಗೋಸ್ಕರ ಬರೆದೆ ನಾನು?

ಅಪ್ಪ ಆಸ್ಪತ್ರೆಯಲ್ಲಿದ್ದಾಗಲೂ ವಾರ್ಡಿನ ಹೊರಗೆ ಕೂತು ಅರಕಲಗೂಡಿನ ಪುಟ ಬರೆದಿದ್ದಳು. ಒಳಗಿನಿಂದ ಅಪ್ಪ ಕರೆದಾಗ 'ಒಂದ್ನಿಮಿಷ ಇರಪ್ಪ' ಎಂದಿದ್ದಳು. ಆ ಪುಟವನ್ನು ಓದಿದ್ದು ಯಂತ್ರಗಳು!

"ಯಂತ್ರಗಳನ್ನ ಹಾಗೇ ಬಿಟ್ಬಿಡಿ," ಎಂದಳು. ದನಿ ಅವಳದೇ ಎನ್ನಿಸಲಿಲ್ಲ.

ಅವನು ಕೀಬೋರ್ಡಿನಿಂದ ಕೈ ತೆಗೆದ. "ನೀವು ಯೋಳಿದ್ರೆ ಬಿಡ್ತೀನಿ."

ಅಷ್ಟು ಸುಲಭವಾಗಿ ಒಪ್ಪಿದ್ದಕ್ಕೇ ಅವಳಿಗೆ ಭಯವಾಯಿತು. ಅವನ ಮುಖ ನೋಡಲಾಗದೆ ಪರದೆಯತ್ತ ತಿರುಗಿದಳು. ಕೌಂಟರಿನ ಕೊನೆಯ ಎಣಿಕೆಯ ತಾರೀಕು ಅಲ್ಲಿತ್ತು. ಮೇ ತಿಂಗಳು. ತಾನೇ ಆಸೆಪಟ್ಟು ಮಾಡಿದ ಹೊಸ ಪುಟಗಳನ್ನು ಸೈಟಿಗೆ ಹಾಕಿದ ದಿನ ಅದು.

"ಕೌಂಟರ್ ಯಾಕೆ ನಿಂತಿತು?"

ಅವನು ವೈರು ಸುತ್ತತೊಡಗಿದ.

"ರಜನೀಶ್, ಹೇಳಿ."

"ಹೊಸ ಪುಟ ಮಾಡ್ವಾಗ ಕೌಂಟರ್ ನಡೆಸೋ ಕೋಡಿನ ಸಾಲು ಬಿಟ್ಟೋಗಿತ್ತು."

"ಬಿಟ್ಟವಳು ನಾನು." "ನಿಮಗೆ ಯಾವಾಗ ಗೊತ್ತಾಯ್ತು?"

"ಮೀಟಿಂಗ್ ದಿನ ಬೆಳಿಗ್ಗೆ. ನಿಮಗೆ ಯೋಳಣ ಅಂತ್ಲೇ ಬಂದೆ. ನೀವು ಕೂತಿದ್ದ ರೀತಿ ನೋಡ್ದೆ... ಅಪ್ಪನೂ ಇಲ್ಲ, ಈ ಕೆಲಸಾನೂ ಹೋದ್ರೆ ಎಂಗೆ ನಿಲ್ತಾರೆ ಇವರು ಅನ್ನುಸ್ತು."

ಕೃತಜ್ಞತೆ ಬರಬೇಕಿತ್ತು. ಬಂದದ್ದು ಕೋಪ.

"ನನ್ನ ಬಾಯಿಂದ ಸುಳ್ಳು ಆಡಿಸಿದ್ರಿ ನೀವು. ನಿಮ್ಮನ್ನ ಮೋಸಗಾರ ಅಂದೆ. ಇನ್ನು ಅದನ್ನ ಎಲ್ಲಿಗೆ ಹೊತ್ಕೊಂಡು ಹೋಗ್ಲಿ ನಾನು?"

"ಅದು ನನ್ ತಪ್ಪೇ," ಎಂದ ಅವನು. "ಯೋಳ್ಬೇಕಿತ್ತು." ಯಂತ್ರಗಳಿದ್ದ ಲೆಕ್ಕ, ಅವನ್ನು ತೆಗೆದ ಲೆಕ್ಕ ಎರಡನ್ನೂ ಅವಳ ಕಂಪ್ಯೂಟರಿನಲ್ಲೇ ಬಿಟ್ಟು ಹೊರಟುಹೋದ.

ಮರುದಿನ ನಿಧಿ ಚಿಕ್ಕ ಸಂಖ್ಯೆಯನ್ನೇ ಗಂಗಾಧರಯ್ಯನವರ ಮುಂದಿಟ್ಟಳು. ಕೌಂಟರ್ ನಿಲ್ಲಿಸಿದ್ದು ತಾನೇ, ರಜನೀಶನ ಹೆಸರಿಗೆ ಹತ್ತಿದ ಮಸಿಯನ್ನು ಸಭೆಯಲ್ಲೇ ಒರೆಸಬೇಕು ಎಂದಳು. ಅವರು ಹಾಗೇ ಮಾಡುವುದಾಗಿ ಮಾತು ಕೊಟ್ಟರು. ಅವಳ ದುಡಿಮೆಯ ಬಗ್ಗೆ ಎರಡು ಒಳ್ಳೆಯ ಮಾತನ್ನೂ ಆಡಿದರು. ಆದರೆ ಓದುವವರಿಲ್ಲದ ಸೈಟನ್ನು ಪ್ರತಿಷ್ಠಾನ ನಡೆಸುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ಪುಟಗಳನ್ನು ಒಂದೊಂದಾಗಿ ಅವಳೇ ಇಳಿಸಿದಳು. ಅರಕಲಗೂಡಿನದು ಕೊನೆಗೆ. ಅದರ ಜೊತೆಗೆ ಅವಳ ಕೆಲಸವೂ ಮುಗಿಯಿತು.

ಮಲ್ಲಿಪಟ್ಟಣಕ್ಕೆ ಬಂದು ಮಲಗಿದವಳು ಏಳುವ ಮನಸ್ಸು ಮಾಡಲಿಲ್ಲ. ಅಮ್ಮ ನೀಲಾಂಬಿಕೆ ತಟ್ಟೆ ತಂದಿಡುವರು, ಹಾಗೇ ಎತ್ತಿಕೊಂಡು ಹೋಗುವರು. ಮುಂಗಾರು ಹತ್ತಿರವಾಗಿ ಊರೆಲ್ಲ ಬಿತ್ತನೆಗೆ ಆಲೂಗಡ್ಡೆ ಹೋಳು ಮಾಡುತ್ತಿತ್ತು. ಯಾರೊಬ್ಬರೂ ಆ ಸೈಟಿನ ಬಗ್ಗೆ ಕೇಳಲಿಲ್ಲ. ಅದು ಮುಚ್ಚಿದ್ದು ಯಾರಿಗೂ ತಿಳಿದಿರಲೇ ಇಲ್ಲ. ತಾನೂ ಹಾಗೇ ಅಳಿಸಿಹೋದರೆ... ಎಂದು ಒಮ್ಮೆ ಅನ್ನಿಸಿ, ಅವಳಿಗೇ ನಡುಕ ಬಂತು.

ಅವತ್ತೇ ಎದ್ದು, ತಲೆ ಬಾಚಿಕೊಂಡು, ಹೊಳೆನರಸೀಪುರದ ಬಸ್ಸು ಹತ್ತಿದಳು.

ಅಂಗಡಿಯ ತುಂಬ ಪಹಣಿ ಪ್ರಿಂಟ್ ತೆಗೆಸುವವರು. ಅವರೆಲ್ಲ ಕರಗುವವರೆಗೂ ಹೊರಗೆ ನಿಂತಳು. ಅವನು ನೋಡಿದ, ಕರೆಯಲಿಲ್ಲ. ಕೊನೆಗೆ ಒಳಗೆ ಹೋದಳು.

"ಕ್ಷಮೆ ಕೇಳೋಕೆ ಬಂದೆ. ಕೇಳಿದ್ರೂ ಆಡಿದ ಮಾತು ವಾಪಸ್ ಬರಲ್ಲ, ಗೊತ್ತು."

"ಸೈಟ್ ಮುಚ್ಚಿದ್ರು ಅಂತ ತಿಳೀತು," ಎಂದ ಅವನು.

"ನಾನೇ ಮುಚ್ಚಿದೆ. ಈಗ ನನ್ನ ಹತ್ರ ಏನೂ ಉಳಿದಿಲ್ಲ. ಆದ್ರೆ ಒಂದು ಹೇಳ್ಬೇಕು. ಅವತ್ತು ಅಷ್ಟು ಕೋಪ ಬಂದಿದ್ದು ಲೆಕ್ಕ ಹೋಗಿದ್ದಕ್ಕಲ್ಲ. ಅಪ್ಪ ಹೋದ್ರು, ನೀವೂ ಕೈ ಬಿಟ್ರಿ ಅನ್ನಿಸ್ತು. ನೀವಂದ್ರೆ ನನಗೆ..."

ರಜನೀಶ್ ಎದ್ದು ಈಚೆ ಬಂದ. ಗಿರಾಕಿಗಳ ಸ್ಟೂಲನ್ನು ಫ್ಯಾನಿನ ಕೆಳಗೆ ಎಳೆದ.

"ಕೂತ್ಕೊ," ಎಂದ.

ಅವಳು ತಲೆ ಎತ್ತಿದಳು. ಇಷ್ಟು ದಿನ ಅವನ ಬಾಯಲ್ಲಿ ಬರೀ 'ನೀವು', ಬರೀ 'ನಿಧಿ ಮೇಡಂ'.

"ಏನಂದ್ರಿ?"

"ಕೂತ್ಕೊ ಅಂದೆ. ನಂಗೆ ನೀನು ಬೇಕು ನಿಧಿ. ಕೆಲಸ ಇರ್ಲಿ, ಬುಡ್ಲಿ. ಅಳಂಗಿದ್ರೆ ಇಲ್ಲೇ ಕೂತು ಅಳು. ನಾನೆಲ್ಲೂ ಓಗಲ್ಲ."

ಅವಳು ಕೂತಳು. ಅಪ್ಪ ಹೋದಾಗಲೂ ಅಳದಷ್ಟು ಅತ್ತಳು. ಅವನು ಪಕ್ಕದಲ್ಲೇ ನೆಲದ ಮೇಲೆ ಕೂತು, ಅವಳ ಕೈ ಹಿಡಿದುಕೊಂಡ. ಹೊರಗೆ, ಅವಳು ಊರಿಗೆ ಹೋಗಬೇಕಿದ್ದ ಅರಕಲಗೂಡಿನ ಬಸ್ಸು ಹಾರ್ನ್ ಹೊಡೆದು ಹೊರಟಿತು.

"ಬಸ್ ಹೋಯ್ತು," ಎಂದಳು, ಮೂಗೊರೆಸಿಕೊಳ್ಳುತ್ತ.

"ಓಗ್ಲಿ ಬುಡು, ಇನ್ನೊಂದು ಬತ್ತದೆ."

"ಅದೂ ಹೋದ್ರೆ?"

"ನಾನೇ ಕರ್ಕೊಂಡು ಬತ್ತೀನಿ," ಎಂದ ರಜನೀಶ್. "ನಿಮ್ಮಮ್ಮನ ಹತ್ರ ಮಾತಾಡದೂ ಐತಲ್ಲ."