ಸಿಲಿಂಡರಿನ ಕುಂಕುಮ

ಅಮೆರಿಕದ ಹೇವರ್ಡ್‌ನ ನನ್ನ ವರ್ಕ್‌ಶಾಪಿನಲ್ಲಿ ಹಾಡಹಗಲೇ ನಡೆದದ್ದಿದು; ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಪ್ರದರ್ಶನವೊಂದಕ್ಕೆ ಹಳೇ ಕಾಲದ ರಿವಾಲ್ವರಿನ ಪ್ಲಾಸ್ಟಿಕ್ ಮಾದರಿ ಮಾಡಿದ್ದೆ. ಗುಂಡು ತುಂಬುವ ಅದರ ಸಿಲಿಂಡರು ತಾನಾಗಿ ತಿರುಗುವುದಿಲ್ಲ. ಅಸಲಿಯಲ್ಲೂ ಒಂದೊಂದು ಗುಂಡು ಹಾರಿಸಿದ ಮೇಲೆ ಕೈಯಿಂದಲೇ ತಿರುಗಿಸಬೇಕಿತ್ತು. ಆಯುಧಪೂಜೆಯ ದಿನ, ಧಾರವಾಡದಿಂದ ಬಂದಿದ್ದ ಅವ್ವ ಸಿಲಿಂಡರಿನ ನೆತ್ತಿಗೆ ಕುಂಕುಮವಿಟ್ಟಳು. ಊಟ ಮುಗಿಸಿ ಬಂದರೆ ಕುಂಕುಮ ಪಕ್ಕಕ್ಕೆ ಸರಿದಿತ್ತು. ತಿರುಗಿಸಿ ಸರಿಮಾಡಿದೆ. ನಾವು ನೋಡುತ್ತಿದ್ದಂತೆಯೇ ಟಕ್ ಎಂದು ಮತ್ತೆ ಸರಿಯಿತು. ಟಕ್ ಎನ್ನುವಂಥ ಕೀಲೇ ಅದರಲ್ಲಿಲ್ಲ.

ಸಿಲಿಂಡರನ್ನು ಬಿಚ್ಚಿ ಅವ್ವನ ಕೈಗೆ ಕೊಟ್ಟೆ.

“ಬೆಚ್ಚಗ ಐತಲ್ಲೋ ಇದು,” ಎನ್ನುತ್ತಾ ಮುಷ್ಟಿ ಬಿಗಿದಳು.

ಮೇಜಿನ ಮೇಲಿದ್ದ ಸಿಲಿಂಡರಿಲ್ಲದ ರಿವಾಲ್ವರು ಟಕ್ ಎಂದಿತು.

“ನಾ ಬಿಗಿಯಾಗೇ ಹಿಡದೀನಿ, ಶರಣೂ,” ಅವ್ವ ಮೆಲ್ಲಗೆ ಅಂದಳು. “ಆದ್ರೂ ಕೈಯಾಗ ತಿರಗತು.”